ಕುಂಚಕ್ಕೆ ಕೊಟ್ಟ ಮುತ್ತು

ನಮ್ಮ ಮಾವನವರನ್ನು ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಗೆರೆ ಮೇಷ್ಟ್ರು ಅಂದರೆ ಸಾಕು, ಮೂಲೆಯ ಕ್ಷೌರದಂಗಡಿಯವನೂ ಮನೆ ತೋರಿಸುತ್ತಾನೆ. ಹಾಗಂತ ಪಾಠ ಹೇಳಿದ ಮೇಷ್ಟ್ರಲ್ಲ. ಬಸ್ಸು ಲಾರಿಗಳಿಗೆ ಮೈ ಕಟ್ಟುವ ಕಾರ್ಖಾನೆಗೆ ಮೀಸೆ ಮೂಡುವ ಮೊದಲೇ ಬಣ್ಣದ ಕೆಲಸಕ್ಕೆ ಸೇರಿ, ಮೀಸೆ ಬೆಳ್ಳಗಾದ ಮೇಲೆ ಹೊರಗೆ ಬಂದವರು. ಬಸ್ಸಿನ ಮೈಗೆ ಈ ತುದಿಯಿಂದ ಆ ತುದಿಗೆ ಉದ್ದನೆಯ ಗೆರೆ ಎಳೆಯುವುದು ಅವರ ಕೆಲಸ. ಅಡಿಕೋಲಿಲ್ಲ, ದಾರವಿಲ್ಲ. ಮುಂದಿನ ಚಕ್ರದ ಹತ್ತಿರ ಉಸಿರು ಬಿಗಿಹಿಡಿದರೆ ಹಿಂದಿನ ಚಕ್ರ ದಾಟಿದ ಮೇಲೇ ಬಿಡುತ್ತಿದ್ದರಂತೆ. ಆ ಗೆರೆ ನೋಡುವುದಕ್ಕೆಂದೇ ಬೇರೆ ಕಾರ್ಖಾನೆಯವರು ಬಂದು ನಿಲ್ಲುತ್ತಿದ್ದರಂತೆ. ಇದನ್ನೆಲ್ಲ ಅವರು ಹೇಳಿದ್ದಲ್ಲ. ಮಾತಿನಲ್ಲಿ ಅವರು ಮಹಾ ಜಿಪುಣರು. ಹೇಳಿದ್ದು ನಮ್ಮ ಅತ್ತೆ.

ಅತ್ತೆ ಇದ್ದಾಗ ಊಟಕ್ಕೆ ಬಡಿಸುತ್ತ ಗೊಣಗುತ್ತಿದ್ದರು: "ನಿಮ್ಮ ಮಾವನಿಗೆ ಉಪ್ಪು ಹಾಕಿದ್ರೂ ಒಂದೇ, ಹಾಕದಿದ್ರೂ ಒಂದೇ ಕಣೇ. ಬಾಯಿ ತುಂಬ ಬಣ್ಣ ಇರೋವಾಗ ರುಚಿ ಎಲ್ಲಿಂದ ತಿಳಿಯತ್ತೆ?" ನಾನು ನಗುತ್ತಿದ್ದೆ. ಮಾವನೂ ಮೀಸೆಯೊಳಗೇ ನಗುತ್ತಿದ್ದರು. ಅತ್ತೆ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ. ಸಣ್ಣ ಗೆರೆ ಎಳೆಯಬೇಕಾದರೆ ಕುಂಚದ ಮೂತಿ ಸೂಜಿಯ ಹಾಗಿರಬೇಕು. ಅದಕ್ಕೆ ಬಣ್ಣದವರೆಲ್ಲ ಮಾಡುವುದು ಒಂದೇ. ಕುಂಚವನ್ನು ಎರಡು ತುಟಿಗಳ ನಡುವೆ ಇಟ್ಟು ಮೆಲ್ಲಗೆ ಎಳೆಯುತ್ತಾರೆ. ಕೂದಲುಗಳೆಲ್ಲ ಒಂದಾಗಿ ಚೂಪಾಗುತ್ತವೆ. ಮಾವ ಅದನ್ನು ದಿನಕ್ಕೆ ಎಷ್ಟು ಸಲ ಮಾಡುತ್ತಿದ್ದರೋ ದೇವರಿಗೇ ಗೊತ್ತು. ನಾವು ಕಣ್ಣು ಮಿಟುಕಿಸುತ್ತೇವಲ್ಲ, ಹಾಗೆ.

ಅತ್ತೆ ಹೋದ ಮೇಲೆ, ಕೆಲಸವೂ ಬಿಟ್ಟ ಮೇಲೆ, ಮಾವ ಗರ ಬಡಿದವರ ಹಾಗೆ ಕೂತಿರುತ್ತಿದ್ದರು. ಆಗ ಯಾರೋ ಒಂದು ಹಳೆಯ ತಗಡಿನ ಕಾರು ತಂದುಕೊಟ್ಟು, ಇದಕ್ಕೊಂದಿಷ್ಟು ಬಣ್ಣ ಬಳಿದುಕೊಡಿ ಅಂದರು. ಅದು ಹೊಸದರ ಹಾಗೆ ಹೊಳೆಯಿತು. ಅದರ ಬೆನ್ನಿಗೆ ಇನ್ನೊಂದು ಬಂತು. ನಮ್ಮದು ಎರಡನೇ ಮಹಡಿಯ ಮನೆ. ಹಿಂದಿನ ಬಾಲ್ಕನಿಗೆ ತಗಡು ಹೊದಿಸಿ, ಅತ್ತೆಯ ಹೊಲಿಗೆ ಯಂತ್ರ ಕಳಚಿಟ್ಟು, ಅದರ ಮೇಜನ್ನೇ ಮಾವ ಕೆಲಸದ ಮೇಜು ಮಾಡಿಕೊಂಡರು. ನನಗೂ ಅನುಕೂಲವಾಯಿತು. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ನನ್ನ ಗಂಡ ಬಸ್ಸಿನ ಡ್ರೈವರು. ಇನ್ನೂ ಶಾಲೆಗೆ ಸೇರದ ಮಗಳನ್ನು ನೋಡಿಕೊಳ್ಳುವುದಕ್ಕೆ ಮಾವ ಮನೆಯಲ್ಲೇ ಇದ್ದರು. ಹುಡುಗಿಯ ಧ್ವನಿ ಸಣ್ಣ, ಅಳು ಉದ್ದ. ಅದಕ್ಕೇ ಮಾವ ಅವಳಿಗೆ ಪಿಟೀಲು ಅಂತ ಅಡ್ಡಹೆಸರಿಟ್ಟಿದ್ದರು.

ಆ ವಿಮಾನ ತಂದವರು ಕನ್ನಡಕದ ಅಂಗಡಿಯವರು. ಅವರ ತಂದೆ ಚಿಕ್ಕವರಿದ್ದಾಗ ಆಡಿದ್ದಂತೆ. ಸತುವನ್ನು ಅಚ್ಚಿಗೆ ಹುಯ್ದು ಮಾಡಿದ ಯುದ್ಧವಿಮಾನ. ಅಂಗೈಗಿಂತ ಸ್ವಲ್ಪ ದೊಡ್ಡದು, ಹಿಡಿದರೆ ಕೈ ಜಗ್ಗುವಷ್ಟು ಭಾರ. ಎರಡು ಎಂಜಿನ್ನು, ಅದರಲ್ಲಿ ಒಂದಕ್ಕೆ ಮುಂದೆ ತಿರುಗುವ ಪಂಖ ಇಲ್ಲ. ಮೂತಿಯಲ್ಲಿ ಗುಂಡು ಹಾರಿಸುವವನು ಕೂರುವ ಸಣ್ಣ ಗೂಡು. ಮೇಲೆ ಹಸಿರು ಕಂದು ಚಕ್ಕೆಚಕ್ಕೆ ಬಣ್ಣ, ಅದರ ಮೇಲೆ ಯಾವ ಪುಣ್ಯಾತ್ಮನೋ ಬಾಗಿಲಿಗೆ ಬಳಿಯುವ ಕೆಂಪು ಬಳಿದಿದ್ದ. ಎಲ್ಲ ಗುಳ್ಳೆ ಎದ್ದು, ಮುಟ್ಟಿದರೆ ಉದುರುತ್ತಿತ್ತು.

"ಬಾಂಬು ಹಾಕೋ ವಿಮಾನ ಕಣಮ್ಮಾ ಇದು," ಅಂದರು ಮಾವ, ಅದನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು.

"ನಮ್ಮನೆ ಮೇಲೆ ಹಾಕದಿದ್ರೆ ಸಾಕು," ಅಂದೆ ನಾನು. ಬಾಯಿಗೆ ಬಂದದ್ದನ್ನು ಆಡುವುದು ನನ್ನ ಸ್ವಭಾವ. ಹಾಳಾದ ಬಾಯಿ!

ಮಾವ ಹೊಟ್ಟೆಯ ಕೆಳಗಿನ ಮೊಳೆ ಕೊರೆದು ವಿಮಾನವನ್ನು ಎರಡು ಹೋಳು ಮಾಡಿದರು. ಬ್ಲೇಡಿನಿಂದ ಕೆರೆದರು, ಉಪ್ಪುಕಾಗದದಿಂದ ಉಜ್ಜಿದರು. ಕೆರೆದಂತೆಲ್ಲ ಬೀಳುವ ಪುಡಿಯನ್ನು ಉಫ್ ಅಂತ ಊದುತ್ತಿದ್ದರು. ಕೆಲಸ ಎಂದಿನಷ್ಟು ಬೇಗ ಸಾಗಲಿಲ್ಲ. ಆ ದಿನಗಳಲ್ಲಿ ಅವರಿಗೆ ಆಗಾಗ ಹೊಟ್ಟೆ ಹಿಂಡಿದ ಹಾಗೆ ನೋವು ಬರುತ್ತಿತ್ತು. ಬಿಸಿನೀರು ಕುಡಿದು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಸಣ್ಣದಕ್ಕೂ ಸಿಡುಕು. ಲೋಟ ಕೈಜಾರಿದರೆ ಲೋಟಕ್ಕೇ ಬೈಯುತ್ತಿದ್ದರು. ವಯಸ್ಸಾಯಿತಲ್ಲ, ಅಂದುಕೊಂಡೆವು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕರೆಂಟು ಹೋಗಿ ನಮ್ಮನ್ನೆಲ್ಲ ಬೇಗ ಬಿಟ್ಟರು. ಮನೆಗೆ ಬಂದು ನೋಡಿದರೆ ಬಾಲ್ಕನಿಯಲ್ಲಿ ತಾತ ಮೊಮ್ಮಗಳು, ವಿಮಾನಕ್ಕೆ ಬಳಿಯಬೇಕಾದ ಹಸಿರನ್ನು ರಟ್ಟಿನ ಮೇಲೆ ಎಳೆದು ನೋಡುತ್ತ, ಎದುರುಬದುರು ಕೂತಿದ್ದಾರೆ. ತಾತನ ತುಟಿಯಲ್ಲೊಂದು ಕುಂಚ, ಇವಳ ತುಟಿಯಲ್ಲೊಂದು ಕುಂಚ. ಇಬ್ಬರ ಮುಖವೂ ಗಂಭೀರ. ಇವಳ ಬಾಯಿ ಸುತ್ತ ಹಸಿರು, ಕೈತುಂಬ ಬೂದುಬಣ್ಣದ ಪುಡಿ.

"ಏನೇ ಮಾಡ್ತಿದೀಯ ಪಿಟೀಲು?"

"ಕುಂಚಕ್ಕೆ ಮುತ್ತು ಕೊಡ್ತಿದೀನಿ. ಮುತ್ತು ಕೊಟ್ರೆ ಅದರ ಮೂತಿ ಚೂಪಾಗತ್ತೆ. ತಾತ ಹೇಳಿದ್ರು."

ನಾನು ಬಿದ್ದು ಬಿದ್ದು ನಕ್ಕೆ. ಫೋನಿನಲ್ಲಿ ಪಟ ತೆಗೆದೆ. ಮಾರನೆಯ ದಿನ ಅಂಗಡಿಯಲ್ಲಿ ನಮ್ಮ ಮೇಡಂಗೆ ತೋರಿಸಿದೆ. ಅವರೇ ಅಂಗಡಿಯ ಒಡತಿ, ಔಷಧಿಶಾಸ್ತ್ರ ಓದಿದವರು. ಅವರೂ ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ. ಪಟವನ್ನು ಬೆರಳಿನಿಂದ ಹಿಗ್ಗಿಸಿ ಮೇಜನ್ನು ನೋಡಿದರು.

"ಈ ಪುಡಿ ಏನಿದು?"

"ಹಳೇ ಬಣ್ಣ ಮೇಡಂ. ಮಾವ ಉಜ್ಜಿ ತೆಗೀತಾರೆ."

"ಎಷ್ಟು ಹಳೇದು?"

"ಕನ್ನಡಕದವರ ತಂದೆ ಆಡಿದ್ದಂತೆ. ನೀವೇ ಲೆಕ್ಕ ಹಾಕಿ."

ಅವರು ಫೋನನ್ನು ನನ್ನ ಕೈಗೆ ಕೊಟ್ಟರು. "ಆ ಕಾಲದ ಬಣ್ಣಕ್ಕೆ ಸೀಸ ಹಾಕ್ತಿದ್ರು ಕಣಮ್ಮಾ. ದೊಡ್ಡೋರಿಗೂ ಅದು ಒಳ್ಳೇದಲ್ಲ. ಮಕ್ಕಳಿಗಂತೂ ತಲೆಗೇ ಹೋಗಿ ಕೂತ್ಕೊಳ್ಳತ್ತೆ. ಬುದ್ಧಿ, ಮಾತು, ನಡಿಗೆ, ಯಾವುದಕ್ಕೆ ಕೈ ಹಾಕತ್ತೋ ಹೇಳಕ್ಕಾಗಲ್ಲ. ನಾಳೆ ನಾಡಿದ್ದು ಅನ್ನಬೇಡ. ಈಗಲೇ ಹೋಗು."

 ಚಪ್ಪಲಿ ಸಿಕ್ಕಿಸಿಕೊಂಡದ್ದು ನೆನಪಿಲ್ಲ, ರಸ್ತೆ ದಾಟಿದ್ದು ನೆನಪಿಲ್ಲ.  ಬಾಗಿಲು ತೆಗೆದರೆ ಪಿಟೀಲು ಮೇಜಿನ ಕೆಳಗೆ ಕೂತು ಬಿಸ್ಕತ್ತು ತಿನ್ನುತ್ತಿದ್ದಾಳೆ. ಬಿಸ್ಕತ್ತಿನ ಮೇಲೆ ಅದೇ ಬೂದುಪುಡಿ. ಕಿತ್ತು ಎಸೆದೆ. ಅವಳ ಬಾಯಿಗೆ ಬೆರಳು ಹಾಕಿ ಇದ್ದಬದ್ದದ್ದನ್ನೆಲ್ಲ ತೆಗೆದೆ. ಅವಳು ಕಿರುಚಿಕೊಂಡಳು.

"ಏನಾಯ್ತಮ್ಮಾ? ಏನಾಯ್ತು?" ಮಾವ ಎದ್ದು ನಿಂತರು.

"ವಿಷ ಮಾವ ಅದು, ವಿಷ! ಮಗೂಗೆ ವಿಷ ನೆಕ್ಕಿಸ್ತಾ ಕೂತಿದೀರಿ! ನಿಮ್ಮ ಆ ಗೆರೆಗಿಷ್ಟು ಬೆಂಕಿ ಹಾಕ!"

ಮೇಡಂ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಮಾವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ನಾನು ಜೀವಮಾನವೆಲ್ಲ ಹಿಂಗೇ ಮಾಡಿದೀನಲ್ಲಮ್ಮಾ," ಅಂದರು. "ನನಗೇನೂ ಆಗಿಲ್ಲವಲ್ಲ."

 ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೊರಟೆ. ಅಲ್ಲಿನ ಮುದಿ ಡಾಕ್ಟರು ಎಲ್ಲ ಕೇಳಿ, ಮಗುವಿನ ತೋಳಿನಿಂದ ರಕ್ತ ತೆಗೆಸಿದರು. ಈ ಪರೀಕ್ಷೆ ಇಲ್ಲಿ ಆಗುವುದಿಲ್ಲ, ದೊಡ್ಡ ಲ್ಯಾಬಿಗೆ ಹೋಗಿ ಬರಬೇಕು, ಕೆಲವು ದಿನ ಹಿಡಿಯುತ್ತದೆ ಅಂದರು. ಮನೆಯವರೆಲ್ಲ ಬಂದು ಪರೀಕ್ಷೆಗೆ ರಕ್ತ ಕೊಡಿ ಅಂತಲೂ ಹೇಳಿದರು. ಮರುದಿನ ನನ್ನ ಗಂಡ ರಜೆ ಹಾಕಿ ಹೊರಟರು. ಮಾವ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಮುದುಕನ ರಕ್ತ ಯಾಕೋ? ಮಗೂದು ನೋಡ್ಲಿ, ಸಾಕು."

"ಅಪ್ಪಾ, ಹಟ ಮಾಡ್ಬೇಡಿ. ಮೊದಲೇ ತಲೆ ಕೆಟ್ಟಿದೆ," ಅಂತ ನನ್ನ ಗಂಡ ಗದರಿದ ಮೇಲೆ ಮಾವ ಶರ್ಟು ಹಾಕಿಕೊಂಡರು.

ಆ ಕೆಲವು ದಿನಗಳು! ನನ್ನ ಶತ್ರುವಿಗೂ ಬೇಡ. ಮನೆಯ ಚಾಪೆ, ಪರದೆ, ದಿಂಬು ಎಲ್ಲ ಮೂಟೆ ಕಟ್ಟಿ ಹಾಕಿದೆ. ಗುಡಿಸಿದರೆ ಪುಡಿ ಏಳುತ್ತದೆ, ಒದ್ದೆ ಬಟ್ಟೆಯಲ್ಲೇ ಒರೆಸಿ ಅಂದಿದ್ದರು ಡಾಕ್ಟರು. ಒರೆಸಿದೆ, ಮತ್ತೆ ಒರೆಸಿದೆ. ಕಿಟಕಿಯ ಸಂದು, ಬಾಗಿಲ ಮೂಲೆ, ಅವಳ ಗೊಂಬೆಯ ಕೂದಲು, ಎಲ್ಲಿ ನೋಡಿದರೂ ಬೂದುಪುಡಿ ಕಂಡ ಹಾಗಾಗುತ್ತಿತ್ತು. ನಿಜವಾಗಿ ಇತ್ತೋ ನನ್ನ ಕಣ್ಣಿಗೇ ಹಾಗೆ ಕಾಣುತ್ತಿತ್ತೋ ಗೊತ್ತಿಲ್ಲ. ಬಾಂಬು ಹಾಕುವ ವಿಮಾನ ಹಾಕಿಯೇ ಬಿಟ್ಟಿತ್ತು.

ಮಗಳ ಮೇಲೆ ಮೈಯೆಲ್ಲ ಕಣ್ಣಾಗಿದ್ದೆ. ಅವಳು ಎಡವಿದರೆ ಜೀವ ಬಾಯಿಗೆ ಬರುತ್ತಿತ್ತು. ಎರಡು ಸಲ ಕರೆದರೂ ತಿರುಗದಿದ್ದರೆ ಕಿವಿಗೇನಾದರೂ ಆಯಿತೇ ಅನಿಸುತ್ತಿತ್ತು. ಹೊತ್ತಿಲ್ಲ ಗೊತ್ತಿಲ್ಲ, ಕೂರಿಸಿಕೊಂಡು ಪರೀಕ್ಷೆ ಮಾಡುತ್ತಿದ್ದೆ. ಇದೇನು ಬಣ್ಣ? ಇದೆಷ್ಟು ಬೆರಳು? ಅವಳಿಗೂ ಸಾಕಾಗಿ ಹೋಗಿತ್ತು. ಒಂದು ಸಂಜೆ ಕಿಟಕಿಯ ಮೇಲೆ ಕಾಗೆ ಕೂತಿತ್ತು.

"ಕಾಗೆ ಏನು ಬಣ್ಣ, ಹೇಳು ಚಿನ್ನಾ."

"ಹಳದಿ," ಅಂದಳು.

"ಸರಿಯಾಗಿ ನೋಡು. ಏನು ಬಣ್ಣ?"

"ಹಳದಿ ಹಳದಿ ಹಳದಿ!"

ನಾನು ಗೊಳೋ ಎಂದು ಅಳತೊಡಗಿದೆ. ಅವಳು ಹೆದರಿ ನನ್ನ ಕುತ್ತಿಗೆಗೆ ಜೋತುಬಿದ್ದಳು. "ಕಪ್ಪು ಅಮ್ಮಾ, ಕಪ್ಪು. ಸುಮ್ನೆ ತಮಾಷೆಗೆ ಹೇಳ್ದೆ." 

ಮಾವ ಆ ದಿನಗಳಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಉಜ್ಜಿ ಬಿದ್ದ ಪುಡಿಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಬಳಿದು ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿದರು. ವಿಮಾನದ ಎರಡು ಹೋಳುಗಳನ್ನು ತೊಳೆದು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದರು. ಬಾಲ್ಕನಿಯಲ್ಲೇ ಹಾಸಿಗೆ ಹಾಕಿಕೊಂಡರು. ಕೈ ತೊಳೆದದ್ದೇ ತೊಳೆದದ್ದು, ಚರ್ಮ ಕೆಂಪಗೆ ಬಿರಿದರೂ ಬಿಡರು. ಮಗು ಓಡಿಬಂದರೆ ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡು ಹಿಂದೆ ಹಿಂದೆ ಸರಿಯುತ್ತಿದ್ದರು. "ಮುಟ್ಟಬೇಡ ಪುಟ್ಟಾ, ತಾತ ಗಲೀಜು."

ಅವಳು ನನ್ನ ಹತ್ತಿರ ಬಂದು ಮೂತಿ ಉದ್ದ ಮಾಡಿದಳು. "ತಾತ ನನ್ ಜೊತೆ ಠೂ ಬಿಟ್ಟಿದಾರೆ."

ಅವಳನ್ನು ಎತ್ತಿಕೊಂಡೆ. ಆದರೂ ಮಾವನ ಜೊತೆ ಮಾತಾಡಲಿಲ್ಲ. ತಟ್ಟೆ ಇಟ್ಟು ಬರುತ್ತಿದ್ದೆ, ಅಷ್ಟೇ. ಮಗುವಿಗೇನಾದರೂ ಆಗಿದ್ದರೆ ಈ ಜನ್ಮದಲ್ಲಿ ಇವರ ಮುಖ ನೋಡುವುದಿಲ್ಲ ಅಂತ ನಿಶ್ಚಯ ಮಾಡಿಕೊಂಡಿದ್ದೆ. ಅವರಿಗೂ ಅದು ತಿಳಿದಿತ್ತು ಅಂತ ಕಾಣುತ್ತದೆ. ಅರ್ಧ ತಟ್ಟೆ ಹಾಗೇ ಬಿಡುತ್ತಿದ್ದರು.

ಆಸ್ಪತ್ರೆಯಿಂದ ಕರೆ ಬಂತು. ಎಲ್ಲರೂ ಬನ್ನಿ ಅಂದರು.  ಬಸ್ಸಿನಲ್ಲಿ ಪಿಟೀಲು ನನ್ನ ತೊಡೆಯ ಮೇಲೆ ಕೂತು ಕಿಟಕಿಯ ಗಾಜಿಗೆ ಆವಿ ಊದಿ ಗೆರೆ ಎಳೆಯುತ್ತಿದ್ದಳು. ಮಾವ ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತಿದ್ದರು.

ಡಾಕ್ಟರು ಮೊದಲು ನನ್ನ ಮುಖ ನೋಡಿದರು. "ಮಗೂ ರಕ್ತದಲ್ಲಿ ಸೀಸ ಇದೆ. ಗಾಬರಿಯಾಗಬೇಡಿ, ಪೂರ್ತಿ ಕೇಳಿ. ಔಷಧಿ ಕೊಡೋವಷ್ಟು ಇಲ್ಲ. ನೀವು ಬೇಗ ತಡೆದಿದೀರಿ. ಮನೆ ಹೀಗೇ ಚೊಕ್ಕಟವಾಗಿರ್ಲಿ, ಹಾಲು ಮೊಟ್ಟೆ ಸೊಪ್ಪು ಚೆನ್ನಾಗಿ ತಿನ್ನಿಸಿ. ಮುಂದಿನ ತಿಂಗಳು ಮತ್ತೆ ರಕ್ತ ನೋಡೋಣ. ಇಳಿಯತ್ತೆ. ನಿಮ್ಮಿಬ್ಬರ ರಕ್ತದಲ್ಲಿ ಏನೂ ತೊಂದರೆಯಿಲ್ಲ."

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ನನ್ನ ಗಂಡ ಮುಖ ಒರೆಸಿಕೊಂಡರು. ಬಾಗಿಲ ಹತ್ತಿರ ನಿಂತಿದ್ದ ಮಾವ, "ಇನ್ನೊಂದ್ಸಲ ಹೇಳಿ ಡಾಕ್ಟ್ರೇ," ಅಂದರು.

"ಮಗು ಚೆನ್ನಾಗಿರ್ತಾಳೆ ಯಜಮಾನ್ರೇ. ನೀವಿಲ್ಲಿ ಬನ್ನಿ, ಕೂತ್ಕೊಳ್ಳಿ. ನೀವು ಹೇಗೆ ಬಂದ್ರಿ ಇಲ್ಲಿಗೆ?"

"ಬಸ್ಸಲ್ಲಿ. ಸ್ಟಾಪಿಂದ ನಡ್ಕೊಂಡು."

ಡಾಕ್ಟರು ಕೈಯಲ್ಲಿದ್ದ ಕಾಗದ ಪಕ್ಕಕ್ಕಿಟ್ಟರು. ಕೈ ಮುಂದೆ ಚಾಚಿ ಅಂದರು. ಮಾವ ಚಾಚಿದರು. ಎಡಗೈ ನೆಟ್ಟಗೆ ನಿಂತಿತು. ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿತ್ತು. ಎತ್ತಲು ಹೋದರೆ ನಡುಗುತ್ತಿತ್ತು. ಹೊಟ್ಟೆ ನೋವು ಎಷ್ಟು ದಿನದಿಂದ ಅಂತ ಕೇಳಿದರು. "ಅದು ಬರತ್ತೆ, ಹೋಗತ್ತೆ," ಅಂದರು ಮಾವ. ಆಮೇಲೆ ಡಾಕ್ಟರು ಕೈಗವಸು ಹಾಕಿಕೊಂಡು ಮಾವನ ಕೆಳತುಟಿಯನ್ನು ಮೆಲ್ಲಗೆ ಕೆಳಗೆ ಎಳೆದರು. ನಮ್ಮಿಬ್ಬರನ್ನೂ ಹತ್ತಿರ ಕರೆದು ತೋರಿಸಿದರು.

ಹಲ್ಲುಗಳ ಬುಡದಲ್ಲಿ, ವಸಡಿನ ಅಂಚಿಗೆ, ನೀಲಿ ಮಿಶ್ರಿತ ಕಪ್ಪು ಗೆರೆ. ತೀರಾ ಸಣ್ಣದು, ಈ ಕೊನೆಯಿಂದ ಆ ಕೊನೆಗೆ.

"ಇದು ಸೀಸದ ಗೆರೆ. ಒಂದು ಆಟಿಕೆಯಿಂದ ಬಂದದ್ದಲ್ಲ," ಅಂದರು ಡಾಕ್ಟರು. "ಕಾರ್ಖಾನೆ ಕಾಲದಿಂದ ಸೇರಿ ಸೇರಿ ಮೂಳೆಯೊಳಗೇ ಕೂತಿದೆ. ಈ ಪುಡಿ ಅದರ ಮೇಲೆ ಇನ್ನಷ್ಟು ಸುರಿದಿದೆ. ಇವರ ರಕ್ತದಲ್ಲಿರೋದನ್ನ ನೋಡಿದ್ರೆ ಇವರು ನಡ್ಕೊಂಡು ಬಂದದ್ದೇ ಆಶ್ಚರ್ಯ. ಇವತ್ತೇ ಸೇರಿಸ್ಕೋಬೇಕು."

ಮಾವನಿಗೆ ಇದ್ಯಾವುದೂ ಕೇಳಿಸಿದ ಹಾಗಿರಲಿಲ್ಲ. ತುಟಿ ಒರೆಸಿಕೊಂಡು ಕೇಳಿದರು: "ಮಗೂದು ಇಳಿಯತ್ತೆ ಅಂದ್ರಲ್ಲ, ಗ್ಯಾರಂಟಿನಾ?"

ಡಾಕ್ಟರು ಹೌದು ಅಂದರು. ಮಾವ ಕಣ್ಣು ಮುಚ್ಚಿ ಉಸಿರು ಬಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ದಿನ ಇವರ ತಟ್ಟೆ ಇಟ್ಟು ತಿರುಗಿ ನೋಡದೆ ಬಂದಿದ್ದೆನಲ್ಲ, ಅದಕ್ಕೂ ಸೇರಿಸಿ ಅತ್ತುಬಿಟ್ಟೆ.

ಆಸ್ಪತ್ರೆಯಲ್ಲಿ ಬಹಳ ದಿನ ಇದ್ದರು. ಒಂದೆರಡು ಸಲ ಡಾಕ್ಟರ ಮುಖ ನೋಡಿ ನಾವು ಆಸೆ ಬಿಟ್ಟದ್ದೂ ಉಂಟು. ಮೂತ್ರಪಿಂಡಕ್ಕೂ ಪೆಟ್ಟಾಗಿತ್ತು. ಆದರೂ ಮಾವ ಎದ್ದು ಬಂದರು, ಅರ್ಧ ತೂಕ ಇಳಿದು. ಪಿಟೀಲಿನ ರಕ್ತ ಮತ್ತೆ ನೋಡಿಸಿದಾಗ ನಿಜವಾಗಿಯೂ ಇಳಿದಿತ್ತು. ಠೂ ಬಿಟ್ಟದ್ದು ಮುಗಿದು ತಾತ ಮೊಮ್ಮಗಳು ಒಂದಾದರು. ಡಾಕ್ಟರು ಮಾವನಿಗೆ ಹೇಳಿ ಕಳಿಸಿದ್ದು ಇಷ್ಟು: ಹಳೆಯ ಬಣ್ಣವನ್ನು ಇನ್ನು ಮುಟ್ಟಕೂಡದು. ಬಾಯಿಗೆ ಕುಂಚ ಹೋಗಲೇಕೂಡದು. ಇನ್ನೊಮ್ಮೆ ಏರಿದರೆ ನನ್ನ ಕೈಯಲ್ಲಿ ಏನೂ ಇಲ್ಲ.

ವಿಮಾನ ಬೋಳಾಗಿ ಅಟ್ಟದಲ್ಲೇ ಇತ್ತು. ಕನ್ನಡಕದವರು ಬಂದು ಕೈ ಮುಗಿದರು. "ಬಿಟ್ಬಿಡಿ ಮೇಷ್ಟ್ರೇ, ಹಾಗೇ ಕೊಡಿ." ಮಾವ ತಲೆ ಆಡಿಸಿದರು. ಅರ್ಧ ಮಾಡಿದ ಕೆಲಸವನ್ನು ಕೈಯಿಂದ ಕಳಿಸಿದವರಲ್ಲ ಅವರು. ಹಳೆಯ ಬಣ್ಣವೆಲ್ಲ ಹೋಗಿದೆ, ಇನ್ನಿರುವುದು ಹೊಸ ಬಣ್ಣವೇ, ಸೀಸವಿಲ್ಲದ್ದು ತರಿಸಿ, ಇದೊಂದು ಮುಗಿಸಿ ಮೇಜು ಮಡಚುತ್ತೇನೆ ಅಂದರು. ನಾನು ಕೂಗಾಡಿದೆ. ನನ್ನ ಗಂಡ, "ಹೋಗ್ಲಿ ಬಿಡೇ, ಅವರಿಗೂ ಬೇರೆ ಏನಿದೆ," ಅಂದರು. ಕೊನೆಗೆ ಒಪ್ಪಿದೆ, ಷರತ್ತು ಹಾಕಿ. ಕೈಗವಸು ಹಾಕಬೇಕು, ಕುಂಚದ ಮೂತಿ ಚೂಪು ಮಾಡುವುದಕ್ಕೆ ಒದ್ದೆ ಬಟ್ಟೆ ಇಟ್ಟುಕೊಳ್ಳಬೇಕು. ಪಿಟೀಲು ಬಾಲ್ಕನಿಯ ಹೊಸ್ತಿಲು ದಾಟಬಾರದು.

ಹಸಿರಾಯಿತು, ಕಂದಾಯಿತು, ಹೊಟ್ಟೆಗೆ ತಿಳಿನೀಲಿ. ಹೊಸ ಪಂಖವೂ ಕೂತಿತು. ಉಳಿದದ್ದು ರೆಕ್ಕೆಯ ಮೇಲಿನ ದುಂಡು ಗುರುತುಗಳು, ಒಂದರೊಳಗೊಂದು ಸುತ್ತು. ಅದಕ್ಕೆ ಸಣ್ಣ ಕುಂಚ ಬೇಕು. ಮಾವ ಎಡಗೈಯಿಂದ ಬಲಮಣಿಕಟ್ಟು ಹಿಡಿದುಕೊಂಡು ಕುಂಚವನ್ನು ಬಣ್ಣಕ್ಕೆ ಅದ್ದಿದರು. ಅದ್ದಿದ್ದೇ ತಡ, ಕೈ ತಾನಾಗಿ ಬಾಯಿಯ ಕಡೆ ಹೊರಟಿತು. ಹೊಸ್ತಿಲಾಚೆ ಕೂತಿದ್ದ ಪಿಟೀಲು ಕಿರುಚಿದಳು:

"ತಾತಾ, ಬಾಯಿ!"

ಕೈ ನಿಂತಿತು. ಮಾವ ಕುಂಚವನ್ನು ಬಟ್ಟೆಗೆ ಒತ್ತಿದರು. ಮತ್ತೆ ಅದ್ದಿದರು. ಮತ್ತೆ ಕೈ ಹೊರಟಿತು. "ತಾತಾ, ಬಾಯಿ!" ದಿನವೂ ಇದೇ ಆಯಿತು. ಅವಳಿಗೆ ಆಟ. ಅಡುಗೆಮನೆಯಲ್ಲಿರುವ ನನಗೆ ಆ ಕೂಗು ಕೇಳಿದಾಗಲೆಲ್ಲ ಕೈಯಲ್ಲಿದ್ದ ಸೌಟು ನಿಲ್ಲುತ್ತಿತ್ತು. ಈ ಸಲ ಕೈ ನಿಲ್ಲದೇ ಹೋದರೆ?

ಒಂದು ರಜೆಯ ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದೆ. ಕೂಗು ಕೇಳಲಿಲ್ಲ. ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ. ಇಲ್ಲ. ಒದ್ದೆ ಕೈಯಲ್ಲೇ ಓಡಿದೆ. ಪಿಟೀಲು ಹೊಸ್ತಿಲಿಗೆ ಕೆನ್ನೆ ಒತ್ತಿ ನಿದ್ದೆ ಹೋಗಿದ್ದಳು. ಮಾವ ಕುಂಚ ಹಿಡಿದ ಕೈಯನ್ನು ಮೇಜಿನ ಆ ತುದಿಗೆ ಚಾಚಿ, ಎಡಗೈಯಿಂದ ಅದನ್ನು ಬಿಗಿಯಾಗಿ ಅದುಮಿಕೊಂಡು ಕೂತಿದ್ದರು. ಕುಂಚದ ಬಣ್ಣ ಒಣಗಿಹೋಗಿತ್ತು. ಹಣೆಯಲ್ಲಿ ಬೆವರು.

"ಯಾಕೆ ಮಾವ ಹೀಗೆ ಕೂತಿದೀರಿ?"

"ಅವಳು ಏಳ್ಲಿ ಅಂತ ಕಾಯ್ತಿದೀನಮ್ಮಾ," ಅಂದರು ಮೆಲ್ಲಗೆ, ಮಗು ಎದ್ದೀತು ಅಂತ. "ನನ್ನ ಕೈನ ನಾನೇ ನಂಬಂಗಿಲ್ಲ. ಭಯ ಆಗತ್ತೆ."

ಆಸ್ಪತ್ರೆಯಲ್ಲೂ ಭಯ ಅಂದವರಲ್ಲ. ನಾನು ಮಗುವಿನ ತಲೆಯ ಕೆಳಗೆ ದಿಂಬು ಇಟ್ಟು, ಸ್ಟೂಲು ಎಳೆದುಕೊಂಡು ಅವರ ಎದುರಿಗೆ ಕೂತೆ.

"ನಾನಿದೀನಿ. ನೀವು ಎಳೀರಿ."

ಕುಂಚ ತೊಳೆದು ಬಣ್ಣಕ್ಕೆ ಅದ್ದಿದರು. ಉಸಿರು ಬಿಗಿಹಿಡಿದರು. ನಾನೂ ಹಿಡಿದೆ. ಕೈ ಮೇಲೇರಿತು, ನಡುಗುತ್ತ, ನೇರ ಮೀಸೆಯ ಕಡೆಗೆ.

"ಮಾವಾ, ಬಾಯಿ!" ಅಂದೆ.

ಅವರು ಕೈ ಇಳಿಸಿ ಕುಂಚವನ್ನು ಬಟ್ಟೆಗೆ ಒತ್ತಿದರು.